ಮೈದಾನದಷ್ಟೇ ಅಗಲದ ತೆರೆ

ಒಂದೊಂದು ಆಟಕ್ಕೂ ಅದರದೇ ಆದ ಆಕಾರವಿದೆ. ಕಬಡ್ಡಿ ಅಂಕಣದ ಉದ್ದ 13 ಮೀಟರ್, ಅಗಲ 10 ಮೀಟರ್. ಒಮ್ಮೆ ಕಣ್ಣು ಹಾಯಿಸಿದರೆ ಎರಡೂ ಕಡೆಯ ಆಟಗಾರರು ಒಟ್ಟಿಗೇ ಕಾಣುತ್ತಾರೆ. ಫುಟ್‌ಬಾಲ್ ಮೈದಾನದ ಉದ್ದ ನೂರು ಮೀಟರಿನ ಆಸುಪಾಸು. ಗ್ಯಾಲರಿಯಲ್ಲಿ ಕುಳಿತವರಿಗೆ ಅದು ಉದ್ದನೆಯ ಹಸಿರು ಪಟ್ಟಿಯಂತೆ ತೋರುತ್ತದೆ. ಕುದುರೆ ಪಂದ್ಯದ ಹಾದಿ ಇನ್ನೂ ಉದ್ದ. ಹಾಯಿದೋಣಿ ಪಂದ್ಯಕ್ಕಂತೂ ಕಡಲೇ ಕಣ. ಆದರೆ ಈ ಎಲ್ಲ ಆಟಗಳನ್ನೂ ಜಗತ್ತು ಹಲವು ದಶಕಗಳ ಕಾಲ ನೋಡಿದ್ದು ಒಂದೇ ಆಕಾರದ ಕಿಟಕಿಯಿಂದ. ಅದು ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರದ ಟೆಲಿವಿಷನ್ ಪೆಟ್ಟಿಗೆ. ಕಬಡ್ಡಿ ಆ ಕಿಟಕಿಯಲ್ಲಿ ಹಿಡಿಸುತ್ತಿತ್ತು. ಉಳಿದ ಆಟಗಳು ಹಿಡಿಸಲಿಲ್ಲ.

ಹಿಡಿಸದ್ದನ್ನು ತೋರಿಸಲು ಕ್ಯಾಮೆರಾ ಅತ್ತಿತ್ತ ಹೊರಳಬೇಕು. ಬ್ಯಾಟ್ಸ್‌ಮನ್ ಚೆಂಡನ್ನು ಬೌಂಡರಿಯತ್ತ ಅಟ್ಟಿದಾಗ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಅದೇ ಹೊತ್ತಿಗೆ ಇನ್ನೊಂದು ತುದಿಯಿಂದ ಓಡಿಬರುತ್ತಿರುವ ಫೀಲ್ಡರ್ ಆಗಲಿ, ಎರಡನೇ ರನ್ನಿಗೆ ಹಿಂದೆಮುಂದೆ ನೋಡುತ್ತಿರುವ ಜೊತೆಗಾರನಾಗಲಿ ಮನೆಯ ಪ್ರೇಕ್ಷಕನಿಗೆ ಕಾಣುವುದಿಲ್ಲ. ಮೈದಾನದಲ್ಲಿ ಕುಳಿತವನು ಏನನ್ನು ನೋಡಬೇಕೆಂದು ತಾನೇ ನಿರ್ಧರಿಸುತ್ತಾನೆ. ಮನೆಯಲ್ಲಿ ಕುಳಿತವನ ಪರವಾಗಿ ಆ ನಿರ್ಧಾರವನ್ನು ಪ್ರಸಾರ ವಾಹನದಲ್ಲಿ ಕುಳಿತ ನಿರ್ದೇಶಕ ಮಾಡುತ್ತಾನೆ. ಈ ಅಂತರವನ್ನು ಕಳೆಯುವುದು ಹೇಗೆ? ಮೈದಾನಕ್ಕೆ ಹೋಗಲಾಗದವನಿಗೂ ಮೈದಾನವನ್ನು ಇಡಿಯಾಗಿ ತೋರಿಸುವುದು ಸಾಧ್ಯವೇ? ಅತಿ ಅಗಲದ ಬೃಹತ್ ತೆರೆಗಳ ಚರಿತ್ರೆ ಎಂದರೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ. ಅದು ಆರಂಭವಾಗುವುದು ಟೆಲಿವಿಷನ್ ಹುಟ್ಟುವುದಕ್ಕೂ ಮೊದಲು.

ಕುಸ್ತಿಕಣಕ್ಕೆ ಹೊಂದಿದ ಫಿಲ್ಮು

1897ರ ಮಾರ್ಚ್ 17ರಂದು ಅಮೆರಿಕದ ನೆವಾಡಾ ರಾಜ್ಯದ ಕಾರ್ಸನ್ ಸಿಟಿಯಲ್ಲಿ ಜೇಮ್ಸ್ ಕಾರ್ಬೆಟ್ ಮತ್ತು ಬಾಬ್ ಫಿಟ್ಜ್‌ಸಿಮನ್ಸ್ ನಡುವೆ ಹೆವಿವೇಟ್ ಮುಷ್ಟಿಯುದ್ಧ ನಡೆಯಿತು. ಸಿನಿಮಾ ಆಗಿನ್ನೂ ಅಂಬೆಗಾಲಿಡುತ್ತಿತ್ತು. ಆಗಿನ ಚಿತ್ರಗಳು ಒಂದು ನಿಮಿಷ ಓಡಿದರೆ ಹೆಚ್ಚು. ಆದರೆ ಎನೋಕ್ ರೆಕ್ಟರ್ ಎಂಬ ತಂತ್ರಜ್ಞ ಇಡೀ ಕಾಳಗವನ್ನು ಚಿತ್ರೀಕರಿಸಲು ಮುಂದಾದ. ಮಾಮೂಲಿ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಲ್ಲಿ ಕಣದ ಎರಡೂ ಮೂಲೆಗಳು ಒಟ್ಟಿಗೆ ಹಿಡಿಸುವುದಿಲ್ಲ ಎಂಬುದು ಅವನಿಗೆ ಹೊಳೆದಿತ್ತು. ಅದಕ್ಕಾಗಿ ಅವನು 63 ಮಿಲಿಮೀಟರ್ ಅಗಲದ ಫಿಲ್ಮನ್ನು ಬಳಸಿದ. ಮೂರು ಕ್ಯಾಮೆರಾಗಳನ್ನು ಮರದ ಗೂಡಿನಲ್ಲಿ ಸಾಲಾಗಿ ಇಟ್ಟ. ಈ ಪದ್ಧತಿಗೆ 'ವೆರಿಸ್ಕೋಪ್' ಎಂಬ ಹೆಸರಿತ್ತು.

ಹದಿನಾಲ್ಕನೇ ಸುತ್ತಿನಲ್ಲಿ ಫಿಟ್ಜ್‌ಸಿಮನ್ಸ್ ಹೊಟ್ಟೆಯ ಮೇಲ್ಭಾಗಕ್ಕೆ ಕೊಟ್ಟ ಗುದ್ದಿಗೆ ಕಾರ್ಬೆಟ್ ಕುಸಿದ. ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಅಕಾಡೆಮಿ ಆಫ್ ಮ್ಯೂಸಿಕ್ ರಂಗಮಂದಿರದಲ್ಲಿ ಚಿತ್ರ ತೆರೆಕಂಡಿತು. ನೂರು ನಿಮಿಷಕ್ಕೂ ಹೆಚ್ಚು ಕಾಲ ಓಡಿದ ಇದನ್ನು ಜಗತ್ತಿನ ಮೊದಲ ಪೂರ್ಣಾವಧಿ ಚಿತ್ರವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಅಗಲ ತೆರೆಯ ಮೊದಲ ಪ್ರಯೋಗಗಳಲ್ಲೂ ಇದು ಸೇರಿದೆ. ಮಹಾಕಾವ್ಯಕ್ಕಾಗಲಿ, ಪ್ರೇಮಕತೆಗಾಗಲಿ ಹುಟ್ಟದ ಅಗಲ ತೆರೆ ಗುದ್ದಾಟಕ್ಕಾಗಿ ಹುಟ್ಟಿತು ಎಂಬುದು ಸ್ವಾರಸ್ಯಕರ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಪ್ರೇಕ್ಷಕರದು. ಮುಷ್ಟಿಯುದ್ಧ ಅಮೆರಿಕದ ಹಲವು ರಾಜ್ಯಗಳಲ್ಲಿ ಆಗ ಕಾನೂನುಬಾಹಿರವಾಗಿತ್ತು. ಕಣದ ಸುತ್ತ ಸೇರುತ್ತಿದ್ದವರು ಹೆಚ್ಚಾಗಿ ಗಂಡಸರೇ. ಮರ್ಯಾದಸ್ಥ ಮನೆತನದ ಹೆಂಗಸರು ಅತ್ತ ಸುಳಿಯುವಂತಿರಲಿಲ್ಲ. ಆದರೆ ರಂಗಮಂದಿರದ ಬಿಳಿ ಪರದೆಯ ಮೇಲೆ ಮೂಡಿದ ಕಾಳಗವನ್ನು ನೋಡಲು ಮಹಿಳೆಯರೂ ಗಣನೀಯ ಸಂಖ್ಯೆಯಲ್ಲಿ ಬಂದರು. ಮೈದಾನದ ಬಾಗಿಲು ಮುಚ್ಚಿದ್ದವರಿಗೆ ತೆರೆ ಬಾಗಿಲು ತೆರೆದಿತ್ತು.

ಆ ಬಾಗಿಲನ್ನು ಮುಚ್ಚುವ ಪ್ರಯತ್ನವೂ ಬಹುಬೇಗ ನಡೆಯಿತು. 1910ರ ಜುಲೈ 4ರಂದು ರೀನೋ ನಗರದಲ್ಲಿ ಕರಿಯ ಚಾಂಪಿಯನ್ ಜಾಕ್ ಜಾನ್ಸನ್, ಬಿಳಿಯರ ಆಶಾಕಿರಣವೆನಿಸಿದ್ದ ಜಿಮ್ ಜೆಫ್ರೀಸ್‌ನನ್ನು ಸೋಲಿಸಿದಾಗ ಅನೇಕ ನಗರಗಳಲ್ಲಿ ಜನಾಂಗೀಯ ಗಲಭೆ ಭುಗಿಲೆದ್ದು ಸಾವುನೋವುಗಳಾದವು. ಆ ಪಂದ್ಯದ ಚಿತ್ರವನ್ನು ತೋರಿಸಬಾರದೆಂದು ಹಲವೆಡೆ ತಡೆ ಬಿತ್ತು. 1912ರಲ್ಲಿ ಅಮೆರಿಕದ ಸಂಸತ್ತು, ಮುಷ್ಟಿಯುದ್ಧದ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನೇ ನಿಷೇಧಿಸಿತು. ಆ ಕಾನೂನು ರದ್ದಾದದ್ದು 1940ರಲ್ಲಿ. ಕರಿಯನೊಬ್ಬ ಗೆಲ್ಲುವುದನ್ನು ಮೈದಾನದ ಕೆಲವು ಸಾವಿರ ಜನ ನೋಡುವುದು ಬೇರೆ, ಊರೂರಿನ ತೆರೆಯ ಮೇಲೆ ಲಕ್ಷಾಂತರ ಜನ ನೋಡುವುದು ಬೇರೆ ಎಂಬುದು ಆಳುವವರಿಗೆ ಚೆನ್ನಾಗಿ ಗೊತ್ತಿತ್ತು.

ಮೂರು ತುಂಡು ಜೋಡಿಸಿದ ಡರ್ಬಿ

ವೆರಿಸ್ಕೋಪ್ ತೋರಿಸಿದ್ದು ನಡೆದುಹೋದ ಆಟವನ್ನು. ನಡೆಯುತ್ತಿರುವ ಆಟವನ್ನು ಆ ಕ್ಷಣದಲ್ಲೇ ದೊಡ್ಡ ತೆರೆಯ ಮೇಲೆ ತೋರಿಸುವ ಸಾಹಸಕ್ಕೆ ಇಳಿದವನು ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್. 1932ರ ಜೂನ್‌ನಲ್ಲಿ ಎಪ್ಸಂ ಪಟ್ಟಣದ ಡರ್ಬಿ ಕುದುರೆ ಪಂದ್ಯವನ್ನು ಲಂಡನ್ನಿನ ಮೆಟ್ರೊಪೋಲ್ ಚಿತ್ರಮಂದಿರದಲ್ಲಿ ಅವನು ನೇರವಾಗಿ ತೋರಿಸಿದ.

ಅವನ ಮುಂದಿದ್ದ ಸಮಸ್ಯೆ ಆಕಾರದ್ದೇ. ಬೇರ್ಡ್‌ನ ಟೆಲಿವಿಷನ್ ಚಿತ್ರ ಕೇವಲ 30 ಗೆರೆಗಳದು. ಅದರ ಆಕಾರ ಬಾಗಿಲಿನಂತೆ: ಏಳು ಪಾಲು ಎತ್ತರ, ಮೂರು ಪಾಲು ಅಗಲ. ಒಬ್ಬ ಮನುಷ್ಯನ ಮುಖಕ್ಕೆ ಅದು ಸಾಕು, ಸಾಲಾಗಿ ಓಡುವ ಕುದುರೆಗಳಿಗೆ ಸಾಲದು. ಹಾಗಾಗಿ ಬೇರ್ಡ್ ದೃಶ್ಯವನ್ನು ಮೂರು ಪಟ್ಟಿಗಳಾಗಿ ಸೀಳಿದ. ಮೂರನ್ನೂ ಪ್ರತ್ಯೇಕವಾಗಿ ತಂತಿಯ ಮೂಲಕ ಲಂಡನ್ನಿಗೆ ಕಳಿಸಿ, ಸುಮಾರು 9 ಅಡಿ ಅಗಲ, 7 ಅಡಿ ಎತ್ತರದ ತೆರೆಯ ಮೇಲೆ ಪಕ್ಕಪಕ್ಕದಲ್ಲಿ ಕೂಡಿಸಿದ. ಚಿತ್ರ ಮಂಜುಮಂಜಾಗಿತ್ತು. ಆದರೂ 'ಏಪ್ರಿಲ್ ದಿ ಫಿಫ್ತ್' ಎಂಬ ಕುದುರೆ ಗುರಿ ಮುಟ್ಟಿದ್ದನ್ನು ಊರಾಚೆ ಕುಳಿತವರು ಅದೇ ಗಳಿಗೆಯಲ್ಲಿ ನೋಡಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಗಲವನ್ನು ಪಡೆಯಲು ಬೇರ್ಡ್ ಹಿಡಿದ ದಾರಿ, ಚಿಕ್ಕ ಚಿತ್ರಗಳನ್ನು ಪಕ್ಕಪಕ್ಕ ಹೊಲಿಯುವುದು. ಮುಂದಿನ ತೊಂಬತ್ತು ವರ್ಷಗಳಲ್ಲಿ ತಂತ್ರಜ್ಞಾನ ಎಷ್ಟೇ ಬದಲಾದರೂ ಈ ಉಪಾಯ ಮತ್ತೆ ಮತ್ತೆ ತಲೆಯೆತ್ತಿತು. ಎರಡು ಚಿತ್ರಗಳು ಕೂಡುವಲ್ಲಿ ಕಾಣುವ ಹೊಲಿಗೆಯೇ ತಂತ್ರಜ್ಞರ ತಲೆನೋವಾಯಿತು.

ಎಣ್ಣೆಯ ಮೇಲೆ ಬರೆದ ಚಿತ್ರ

ಬೆಳಕು ಇನ್ನೊಂದು ತಲೆನೋವು. ಟೆಲಿವಿಷನ್ ಕೊಳವೆಯ ಗಾಜಿನ ಮೇಲೆ ಮೂಡುವ ಹೊಳಪು ಒಂದು ಕೋಣೆಗೆ ಸಾಕು. ಅದನ್ನು ಚಿತ್ರಮಂದಿರದ ತೆರೆಯಷ್ಟು ಹಿಗ್ಗಿಸಿದರೆ ಕತ್ತಲೆಯೇ ಹೆಚ್ಚು. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಜರ್ಮನಿಯ ಸರ್ಕಾರ ಸಾರ್ವಜನಿಕ ಟೆಲಿವಿಷನ್ ಕೊಠಡಿಗಳನ್ನು ತೆರೆದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಅಲ್ಲಿಗೆ ಬಂದರೆಂದು ಹೇಳಲಾಗುತ್ತದೆ. ಅವರು ನೋಡಿದ್ದು ಬಹುಪಾಲು ಚಿಕ್ಕ, ಮಸುಕಾದ ಚಿತ್ರಗಳನ್ನು. 1939ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಎರಿಕ್ ಬೂನ್ ಮತ್ತು ಆರ್ಥರ್ ಡನಹಾರ್ ನಡುವಿನ ಮುಷ್ಟಿಯುದ್ಧವನ್ನು ಕೆಲವು ಚಿತ್ರಮಂದಿರಗಳಲ್ಲಿ ನೇರವಾಗಿ ತೋರಿಸಿದಾಗ ಜನ ಕಿಕ್ಕಿರಿದು ಸೇರಿದರು. ಅಷ್ಟರಲ್ಲಿ ಮಹಾಯುದ್ಧ ಬಂದು ಎಲ್ಲವೂ ನಿಂತಿತು.

ಯುದ್ಧ ಮುಟ್ಟದ ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಕೆಲಸ ನಿಲ್ಲಲಿಲ್ಲ. ಜ್ಯೂರಿಚ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಿಟ್ಜ್ ಫಿಷರ್ 1939ರಲ್ಲಿ ಒಂದು ವಿಚಿತ್ರ ಯಂತ್ರವನ್ನು ಕಲ್ಪಿಸಿಕೊಂಡ. ಅದರ ಮೊದಲ ಮಾದರಿ 1943ರಲ್ಲಿ ಸಿದ್ಧವಾಯಿತು. ಹೆಸರು 'ಐಡೊಫೋರ್'. ಕನ್ನಡಿಯ ಮೇಲೆ ತೆಳುವಾದ ಎಣ್ಣೆಯ ಪದರ. ಅದರ ಮೇಲೆ ಎಲೆಕ್ಟ್ರಾನ್ ಕಿರಣ ಗೆರೆ ಎಳೆಯುತ್ತಾ ಹೋದಂತೆ ಎಣ್ಣೆಯಲ್ಲಿ ಸೂಕ್ಷ್ಮ ಅಲೆಗಳು ಏಳುತ್ತವೆ. ಪ್ರಖರ ದೀಪದ ಬೆಳಕನ್ನು ಆ ಪದರದ ಮೇಲೆ ಬಿಟ್ಟರೆ ಅಲೆ ಇದ್ದಲ್ಲಿ ಬೆಳಕು ಬಾಗಿ ತೆರೆಯತ್ತ ಹೋಗುತ್ತದೆ. ಅಲೆ ಇಲ್ಲದಲ್ಲಿ ತಡೆಯಲ್ಪಡುತ್ತದೆ. ಅಂದರೆ ಚಿತ್ರ ಬರೆಯುವ ಕೆಲಸ ಕಿರಣದ್ದು, ಬೆಳಗುವ ಕೆಲಸ ದೀಪದ್ದು. ದೀಪ ಎಷ್ಟು ದೊಡ್ಡದಾದರೆ ಚಿತ್ರ ಅಷ್ಟು ಪ್ರಕಾಶಮಾನ. ಬೀರುವಿನಷ್ಟು ದೊಡ್ಡದಾದ, ನಿರ್ವಹಣೆಗೆ ನುರಿತ ಕೈ ಬೇಡುವ ಯಂತ್ರ ಅದು. ಆದರೂ ಹಲವು ದಶಕಗಳ ಕಾಲ ದೊಡ್ಡ ತೆರೆಯ ಟೆಲಿವಿಷನ್ನಿಗೆ ಅದೇ ಆಸರೆಯಾಗಿತ್ತು. ಫಿಷರ್ ಮಾತ್ರ ತನ್ನ ಯಂತ್ರದ ಯಶಸ್ಸನ್ನು ನೋಡಲಿಲ್ಲ, 1947ರಲ್ಲೇ ತೀರಿಕೊಂಡ.

ಅಮೆರಿಕದ ಚಿತ್ರಮಂದಿರಗಳಿಗೆ ಈ ವೇಳೆಗೆ ಮನೆಯ ಟೆಲಿವಿಷನ್ ಕಂಡರೆ ನಡುಕ. ಮನೆಯಲ್ಲಿ ಸಿಗದ್ದನ್ನು ತಾವು ಕೊಡಬೇಕೆಂದು ಅವು ಹೊರಟವು. 1951ರ ಜೂನ್ 15ರಂದು ಜೋ ಲೂಯಿ ಮತ್ತು ಲೀ ಸ್ಯಾವೊಲ್ಡ್ ಕಾಳಗವನ್ನು ಮನೆಯ ಟೆಲಿವಿಷನ್ನಿಗೆ ಕೊಡದೆ ಕೆಲವು ನಗರಗಳ ಚಿತ್ರಮಂದಿರಗಳಿಗೆ ಮಾತ್ರ ಕೊಡಲಾಯಿತು. ವ್ಯಾಪಾರ ಕುದುರಿತು. ಇಪ್ಪತ್ತು ವರ್ಷಗಳ ನಂತರ, 1971ರ ಮಾರ್ಚ್ 8ರಂದು ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ನ್ಯೂಯಾರ್ಕಿನಲ್ಲಿ ಎದುರಾದಾಗ ಅಮೆರಿಕದ ನೂರಾರು ಚಿತ್ರಮಂದಿರಗಳಲ್ಲಿ, ಒಳಾಂಗಣ ಕ್ರೀಡಾಂಗಣಗಳಲ್ಲಿ ಟಿಕೆಟ್ ಇಟ್ಟು ಅದನ್ನು ತೋರಿಸಿದರು. ಇಬ್ಬರಿಗೂ ತಲಾ 25 ಲಕ್ಷ ಡಾಲರ್ ಸಿಕ್ಕಿದ್ದು ಈ ತೆರೆಗಳ ಬಲದಿಂದ. ಆದರೆ ಮನೆಯ ಪೆಟ್ಟಿಗೆಯನ್ನೇ ನೆಚ್ಚಿದ್ದವರಿಗೆ ಶತಮಾನದ ಪಂದ್ಯವೆಂದು ಹೆಸರಾದ ಕಾಳಗ ಅಂದು ಸಿಗಲಿಲ್ಲ. ಒಂದು ಕಾಲಕ್ಕೆ ಬಾಗಿಲು ತೆರೆದ ದೊಡ್ಡ ತೆರೆ ಈಗ ಬಾಗಿಲಲ್ಲಿ ನಿಂತು ಹಣ ಎಣಿಸತೊಡಗಿತ್ತು.

ಹೊಲಿಗೆ ಮುಚ್ಚುವ ಬಾಚಣಿಗೆ

ಸಿನಿಮಾದವರು ಇದೇ ಹೊತ್ತಿಗೆ ಅಗಲದ ಇನ್ನೊಂದು ಪ್ರಯೋಗ ನಡೆಸಿದ್ದರು. ಮನುಷ್ಯನ ಎರಡು ಕಣ್ಣುಗಳಿಗೆ ಅಡ್ಡಕ್ಕೆ ಸುಮಾರು 180 ಡಿಗ್ರಿಗಿಂತಲೂ ಹೆಚ್ಚಿನ ನೋಟ ದಕ್ಕುತ್ತದೆ. ಅಂಚಿನ ನೋಟ ಸ್ಪಷ್ಟವಲ್ಲದಿದ್ದರೂ 'ನಾನು ಅಲ್ಲಿದ್ದೇನೆ' ಎಂಬ ಭಾವ ಹುಟ್ಟುವುದು ಅದರಿಂದಲೇ. ಇದನ್ನು ಅರಿತ ಅಮೆರಿಕದ ಫ್ರೆಡ್ ವಾಲರ್, ಮೂರು ಪ್ರೊಜೆಕ್ಟರ್‌ಗಳಿಂದ 146 ಡಿಗ್ರಿ ಬಾಗಿದ ತೆರೆಯ ಮೇಲೆ ಚಿತ್ರ ಬಿಡುವ 'ಸಿನೆರಾಮಾ'ವನ್ನು ರೂಪಿಸಿದ. 1952ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ನಡೆದ ಮೊದಲ ಪ್ರದರ್ಶನದಲ್ಲಿ ರೋಲರ್ ಕೋಸ್ಟರ್ ಸವಾರಿಯ ದೃಶ್ಯ ಬಂದಾಗ ಪ್ರೇಕ್ಷಕರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕುಳಿತರಂತೆ.

ಮೂರು ಚಿತ್ರಗಳ ನಡುವಿನ ಹೊಲಿಗೆಯನ್ನು ಮುಚ್ಚಲು ವಾಲರ್ ಪ್ರೊಜೆಕ್ಟರಿನ ಒಳಗೆ ಬಾಚಣಿಗೆಯಂಥ ಹಲ್ಲಿನ ಪಟ್ಟಿಗಳನ್ನು ಇಟ್ಟಿದ್ದ. ಅವು ಸರಸರನೆ ಅಲುಗಾಡುತ್ತಾ ಅಂಚುಗಳನ್ನು ಮಸುಕುಗೊಳಿಸುತ್ತಿದ್ದವು. ಆದರೂ ಹೊಲಿಗೆ ಪೂರ್ತಿ ಮಾಯವಾಗಲಿಲ್ಲ. ಮೂರು ಯಂತ್ರ, ಮೂರರಷ್ಟು ಸಿಬ್ಬಂದಿಯ ವೆಚ್ಚ ತಾಳಲಾರದೆ ಚಿತ್ರೋದ್ಯಮ ಒಂದೇ ಮಸೂರದ ಸಿನೆಮಾಸ್ಕೋಪಿನತ್ತ ಹೊರಳಿತು. ನೇರಪ್ರಸಾರದ ಆಟಕ್ಕೆ ಸಿನೆರಾಮಾ ಒದಗುವ ಮಾತೇ ಇರಲಿಲ್ಲ. ಫಿಲ್ಮನ್ನು ತೊಳೆದು, ಒಣಗಿಸಿ ತರುವ ಹೊತ್ತಿಗೆ ಆಟ ಮುಗಿದು ಮೈದಾನ ಖಾಲಿಯಾಗಿರುತ್ತಿತ್ತು.

ಬಿಸಿಲಿಗೆ ಅಂಜದ ತೆರೆ

ಇನ್ನು ಮೈದಾನದ ಒಳಗಿನ ಕತೆ. ಹೂಸ್ಟನ್ನಿನ ಆಸ್ಟ್ರೋಡೋಮ್ 1965ರಲ್ಲಿ ತೆರೆದಾಗ ಅದರ ಸ್ಕೋರ್‌ಬೋರ್ಡ್ 474 ಅಡಿ ಉದ್ದವಿತ್ತು. ಸಾವಿರಾರು ವಿದ್ಯುತ್ ಬಲ್ಬುಗಳು ಹೊತ್ತಿ ಆರಿ ಚಿತ್ತಾರ ಮೂಡಿಸುತ್ತಿದ್ದವು. ಆದರೆ ಅದು ಚಿತ್ತಾರವೇ ಹೊರತು ಟೆಲಿವಿಷನ್ ಚಿತ್ರವಲ್ಲ. ಹಗಲಿನ ಬಿಸಿಲಲ್ಲಿ, ಬಣ್ಣದಲ್ಲಿ, ಚಲಿಸುವ ಚಿತ್ರವನ್ನು ತೋರಿಸಬೇಕಾದರೆ ಪ್ರೊಜೆಕ್ಟರ್ ಉಪಯೋಗವಿಲ್ಲ. ತೆರೆಯ ಒಂದೊಂದು ಚುಕ್ಕೆಯೂ ತಾನೇ ದೀಪವಾಗಬೇಕು.

ಇದನ್ನು ಸಾಧಿಸಿದವರು ಜಪಾನೀಯರು. ಪುಟ್ಟ ಪುಟ್ಟ ಟೆಲಿವಿಷನ್ ಕೊಳವೆಗಳನ್ನೇ ಚುಕ್ಕೆಗಳನ್ನಾಗಿ ಸಾಲುಗಟ್ಟಿ ಜೋಡಿಸಿದ ಮಿತ್ಸುಬಿಷಿ ಕಂಪನಿಯ 'ಡೈಮಂಡ್ ವಿಷನ್' 1980ರ ಜುಲೈನಲ್ಲಿ ಲಾಸ್ ಏಂಜಲಿಸ್‌ನ ಡಾಡ್ಜರ್ ಕ್ರೀಡಾಂಗಣದಲ್ಲಿ ಬೆಳಗಿತು. ಸೋನಿ ಕಂಪನಿ 1985ರ ತ್ಸುಕುಬಾ ವಸ್ತುಪ್ರದರ್ಶನದಲ್ಲಿ 40 ಮೀಟರ್ ಅಗಲ, 25 ಮೀಟರ್ ಎತ್ತರದ 'ಜಂಬೊಟ್ರಾನ್' ನಿಲ್ಲಿಸಿ ಜಗತ್ತು ಹುಬ್ಬೇರಿಸುವಂತೆ ಮಾಡಿತು. 1989ರಲ್ಲಿ ಟೊರೊಂಟೊದ ಸ್ಕೈಡೋಮ್‌ಗೆ ಬಂದ ಜಂಬೊಟ್ರಾನ್ 10 ಮೀಟರ್ ಎತ್ತರ, 34 ಮೀಟರ್ ಅಗಲವಿತ್ತು. ಎತ್ತರದ ಮೂರು ಪಟ್ಟಿಗಿಂತ ಹೆಚ್ಚು ಅಗಲದ ತೆರೆ ಅದು.

ಕ್ರಿಕೆಟ್ ಪ್ರೇಮಿಗಳಿಗೆ ಈ ಬದಲಾವಣೆಯ ರುಚಿ ಸಿಕ್ಕಿದ್ದು ಮೆಲ್ಬರ್ನ್‌ನಲ್ಲಿ. ಅಲ್ಲಿನ ಮೈದಾನಕ್ಕೆ 1982ರಲ್ಲಿ ಬಣ್ಣದ ವಿಡಿಯೊ ಸ್ಕೋರ್‌ಬೋರ್ಡ್ ಬಂತು. ಔಟಾದ ಬ್ಯಾಟ್ಸ್‌ಮನ್ ಪೆವಿಲಿಯನ್ ತಲುಪುವ ಮೊದಲೇ ಅವನು ಔಟಾದ ಬಗೆಯನ್ನು ಮೈದಾನದಲ್ಲಿದ್ದವರೆಲ್ಲ ಇನ್ನೊಮ್ಮೆ ನೋಡುವಂತಾಯಿತು. ಇದರಿಂದ ಅಂಪೈರ್‌ಗಳಿಗೆ ಹೊಸ ಪೀಕಲಾಟ. ತೀರ್ಪು ತಪ್ಪೆಂದು ತೆರೆ ತೋರಿಸಿದರೆ ಸಾವಿರಾರು ಜನ ಒಟ್ಟಿಗೇ ಗದ್ದಲವೆಬ್ಬಿಸುತ್ತಾರೆ. ಸಂಶಯಾಸ್ಪದ ಔಟ್‌ಗಳನ್ನು ಮೈದಾನದ ತೆರೆಯ ಮೇಲೆ ತೋರಿಸಬೇಕೇ ಬೇಡವೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 1992ರ ನವೆಂಬರ್‌ನಲ್ಲಿ ಡರ್ಬನ್ ಟೆಸ್ಟಿನಲ್ಲಿ ಟೆಲಿವಿಷನ್ ಮರುದೃಶ್ಯ ನೋಡಿ ಮೂರನೇ ಅಂಪೈರ್ ಮೊದಲ ಬಾರಿಗೆ ರನೌಟ್ ತೀರ್ಪು ಕೊಟ್ಟರು. ಔಟಾದವರು ಸಚಿನ್ ತೆಂಡೂಲ್ಕರ್. ಎಲ್ಲರಿಗೂ ಕಾಣುವುದು ತೀರ್ಪುಗಾರನಿಗೆ ಮಾತ್ರ ಕಾಣದಿದ್ದರೆ ಹೇಗೆ ಎಂಬ ಪ್ರಶ್ನೆಗೆ ಆಟ ಕೊಟ್ಟ ಉತ್ತರ ಅದು.

ನೀಲಿ ಬೆಳಕಿನ ಕೊಡುಗೆ

ಕೊಳವೆಗಳ ತೆರೆ ಭಾರ, ದುಬಾರಿ. ಹಗುರವಾದ ಎಲ್‌ಇಡಿ ದೀಪಗಳಿಂದ ತೆರೆ ಕಟ್ಟಬಹುದೆಂಬ ಆಸೆ ಮೊದಲಿನಿಂದಲೂ ಇತ್ತು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಆದರೆ ಬಣ್ಣದ ಚಿತ್ರಕ್ಕೆ ಕೆಂಪು, ಹಸಿರು, ನೀಲಿ ಮೂರೂ ಬೇಕು. ನೀಲಿಯೇ ಕೈಕೊಟ್ಟಿತು. ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಾಮುರ ವರ್ಷಗಟ್ಟಲೆ ದುಡಿದ ಮೇಲೆ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ಕೈಗೆ ಬಂತು. 2014ರಲ್ಲಿ ಈ ಮೂವರಿಗೂ ಭೌತವಿಜ್ಞಾನದ ನೊಬೆಲ್ ಸಂದಿತು. ಮನೆಯ ದೀಪ ಬದಲಾದದ್ದೂ, ಮೈದಾನದ ತೆರೆ ಬದಲಾದದ್ದೂ ಇದೇ ನೀಲಿ ಬೆಳಕಿನಿಂದ.

ಎಲ್‌ಇಡಿ ತೆರೆಯ ಗುಣವೆಂದರೆ ಅದಕ್ಕೆ ಅಂಚೇ ಇಲ್ಲ. ಇಟ್ಟಿಗೆಯಂತೆ ಫಲಕಕ್ಕೆ ಫಲಕ ಜೋಡಿಸುತ್ತಾ ಹೋದರೆ ತೆರೆ ಬೆಳೆಯುತ್ತಲೇ ಹೋಗುತ್ತದೆ; ಬೇಕಾದಂತೆ ಬಾಗುತ್ತದೆ. ದೀಪದಿಂದ ದೀಪಕ್ಕೆ ಇರುವ ಅಂತರ ಎಷ್ಟು ಮಿಲಿಮೀಟರೋ, ಸುಮಾರು ಅಷ್ಟು ಮೀಟರ್ ದೂರದಿಂದ ನೋಡಿದರೆ ಚುಕ್ಕೆಗಳು ಬೆರೆತು ಚಿತ್ರವಾಗುತ್ತವೆ ಎಂಬುದು ಈ ಕಸುಬಿನವರ ಸರಳ ಲೆಕ್ಕ. 2009ರಲ್ಲಿ ಟೆಕ್ಸಸ್‌ನ ಡಲ್ಲಾಸ್ ಕೌಬಾಯ್ಸ್ ತಂಡ ತನ್ನ ಹೊಸ ಮೈದಾನದ ನೆತ್ತಿಯ ಮೇಲೆ 160 ಅಡಿ ಅಗಲ, 72 ಅಡಿ ಎತ್ತರದ ತೆರೆಗಳನ್ನು ತೂಗುಹಾಕಿತು. ಅದೇ ಆಗಸ್ಟ್‌ನಲ್ಲಿ ನಡೆದ ಪಂದ್ಯದಲ್ಲಿ ಆಟಗಾರನೊಬ್ಬ ಒದ್ದ ಚೆಂಡು ಮೇಲೆ ಹೋಗಿ ತೆರೆಗೇ ಬಡಿಯಿತು! ಹಾಗಾದಾಗ ಆ ಆಟವನ್ನು ಮತ್ತೆ ಆಡಿಸಬೇಕೆಂದು ಲೀಗ್ ನಿಯಮ ಮಾಡಬೇಕಾಯಿತು. ಆಟವನ್ನು ತೋರಿಸಲು ಬಂದದ್ದು ಆಟಕ್ಕೇ ಅಡ್ಡ ಬಂದ ಪ್ರಸಂಗವಿದು. 2020ರಲ್ಲಿ ತೆರೆದ ಲಾಸ್ ಏಂಜಲಿಸ್ ಬಳಿಯ ಸೋಫೈ ಕ್ರೀಡಾಂಗಣದ ತೆರೆ ಇನ್ನೂ ಮುಂದೆ ಹೋಯಿತು. ಮೈದಾನದಷ್ಟೇ ಉದ್ದದ, ಅಂಡಾಕಾರದ, ಒಳಹೊರಗೆರಡೂ ಬೆಳಗುವ ಅದರ ವಿಸ್ತೀರ್ಣ 70,000 ಚದರ ಅಡಿ.

ಇಷ್ಟಾದ ಮೇಲೆ ಒಂದು ವಿಪರ್ಯಾಸ ಎದ್ದು ಕಾಣುತ್ತದೆ. ಸಾವಿರಾರು ರೂಪಾಯಿ ಬೆಲೆಯ ಟಿಕೆಟ್ ಕೊಂಡು ಮೈದಾನಕ್ಕೆ ಬಂದವರು ಕಣ್ಣೆದುರಿನ ಆಟ ಬಿಟ್ಟು ತಲೆಯೆತ್ತಿ ತೆರೆಯನ್ನೇ ನೋಡುತ್ತಾರೆ.

ಕಡಲ ಮೇಲಿನ ತೆರೆ

ಮೈದಾನದ ತೆರೆಗಳು ದೊಡ್ಡವಾದರೂ ತೋರಿಸುತ್ತಿದ್ದುದು ಅದೇ ಬಿಡಿಬಿಡಿ ದೃಶ್ಯಗಳನ್ನು. ಮೈದಾನವನ್ನು ಇಡಿಯಾಗಿ ಹಿಡಿಯಬೇಕಾದರೆ ಕ್ಯಾಮೆರಾ ಬದಲಾಗಬೇಕಿತ್ತು. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಕೂಡಲೇ ಮುಂದಿನ ತಲೆಮಾರಿನ ಟೆಲಿವಿಷನ್ ಸಂಶೋಧನೆಗೆ ಇಳಿದಿತ್ತು. ಅದರ ಫಲವಾದ 1125 ಗೆರೆಗಳ 'ಹೈ-ವಿಷನ್' ಚಿತ್ರ, ಈಗ ಎಲ್ಲರ ಮನೆಯಲ್ಲಿರುವ ಅಗಲ ಟಿ.ವಿ.ಯ ಹಿರಿಯಣ್ಣ. ನಂತರ ಬಂದದ್ದು 'ಸೂಪರ್ ಹೈ-ವಿಷನ್', ಅಂದರೆ 8ಕೆ. ಅಡ್ಡಕ್ಕೆ 7680, ಉದ್ದಕ್ಕೆ 4320 ಚುಕ್ಕೆ. ಮಾಮೂಲಿ ಹೈ-ಡೆಫಿನಿಷನ್ ಟಿ.ವಿ. ಕಣ್ಣಿನ 30 ಡಿಗ್ರಿ ನೋಟವನ್ನು ತುಂಬಿದರೆ, ಇದು 100 ಡಿಗ್ರಿ ತುಂಬುವಂತೆ ಎಣಿಸಿ ಮಾಡಿದ್ದು. 2012ರ ಲಂಡನ್ ಒಲಿಂಪಿಕ್ಸ್ ವೇಳೆ ಬಿಬಿಸಿ ಜೊತೆಗೂಡಿ ಎನ್‌ಎಚ್‌ಕೆ ಇದನ್ನು ಬ್ರಿಟನ್, ಜಪಾನ್ ಮತ್ತು ಅಮೆರಿಕದಲ್ಲಿ ಸಾರ್ವಜನಿಕರಿಗೆ ತೋರಿಸಿತು. ಕ್ಯಾಮೆರಾ ಹೆಚ್ಚು ಹೊರಳದೆ ಒಂದೇ ಕಡೆ ನಿಂತಿತ್ತು. ಹೊರಳಿದ್ದು ಪ್ರೇಕ್ಷಕನ ಕಣ್ಣು.

ಇದಕ್ಕೂ ಅಗಲ ಬೇಕೆಂದರೆ? ಮತ್ತೆ ಬೇರ್ಡ್‌ನ ಹಳೆಯ ಉಪಾಯವೇ ಗತಿ. ಆದರೆ ಪಕ್ಕಪಕ್ಕ ಇಟ್ಟ ಎರಡು ಕ್ಯಾಮೆರಾಗಳು ಒಂದೇ ವಸ್ತುವನ್ನು ಕೊಂಚ ಬೇರೆ ಕೋನದಿಂದ ನೋಡುತ್ತವೆ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ನೆಗೆಯುವುದಿಲ್ಲವೇ, ಹಾಗೆ. ಹೊಲಿಗೆಯ ಮೇಲೆ ಹಾದುಹೋಗುವ ಆಟಗಾರನಿಗೆ ಒಮ್ಮೆ ಎರಡು ತಲೆ, ಒಮ್ಮೆ ಅರ್ಧ ದೇಹ! ಬರ್ಲಿನ್ನಿನ ಫ್ರಾನ್‌ಹೋಫರ್ ಸಂಸ್ಥೆಯವರು ಕ್ಯಾಮೆರಾಗಳ ಮುಂದೆ ಓರೆಯಾಗಿ ಕನ್ನಡಿಗಳನ್ನಿಟ್ಟು, ಎಲ್ಲ ಕ್ಯಾಮೆರಾಗಳೂ ಒಂದೇ ಬಿಂದುವಿನಿಂದ ನೋಡುವಂತೆ ಮಾಡಿ ಇದನ್ನು ಬಿಡಿಸಿಕೊಂಡರು. ಜಪಾನಿನ ದೂರಸಂಪರ್ಕ ಕಂಪನಿ ಎನ್‌ಟಿಟಿ ಹಿಡಿದದ್ದು ಗಣಕಯಂತ್ರದ ದಾರಿ. ಸಾಲಾಗಿ ಇಟ್ಟ 4ಕೆ ಕ್ಯಾಮೆರಾಗಳ ಚಿತ್ರಗಳನ್ನು ಆ ಕ್ಷಣದಲ್ಲೇ ಹೋಲಿಸಿ, ಆಟಗಾರನ ಮೈ ಸೀಳದ ಕಡೆ ಹೊಲಿಗೆ ಹಾಕುವ ವಿಧಾನ ಅದು. ಹೊಲಿಗೆಯ ಜಾಗ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ವಾಲರ್‌ನ ಬಾಚಣಿಗೆ ಮಾಡುತ್ತಿದ್ದ ಕೆಲಸವನ್ನು ಈಗ ಲೆಕ್ಕಾಚಾರ ಮಾಡುತ್ತದೆ.

ಈ ವಿಧಾನದ ದೊಡ್ಡ ಪರೀಕ್ಷೆ ನಡೆದದ್ದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ. ಹಾಯಿದೋಣಿ ಪಂದ್ಯಗಳು ನಡೆದ ಎನೋಶಿಮಾ ಬಂದರು 1964ರ ಒಲಿಂಪಿಕ್ಸ್‌ಗಾಗಿಯೇ ಕಟ್ಟಿದ್ದು. ದಡದಲ್ಲಿ ನಿಂತವರಿಗೆ ದೋಣಿಗಳು ದೂರದ ಬಿಳಿ ಚುಕ್ಕೆಗಳು. ದುರ್ಬೀನು ಹಿಡಿದರೂ ಯಾರು ಮುಂದೆ, ಯಾರು ಹಿಂದೆ ತಿಳಿಯದು. ದೋಣಿ ಮತ್ತು ಡ್ರೋನ್‌ಗಳ ಮೇಲೆ ಕ್ಯಾಮೆರಾಗಳನ್ನಿಟ್ಟು, ಚಿತ್ರಗಳನ್ನು 12ಕೆ ಅಗಲಕ್ಕೆ ಹೊಲಿದು, 5ಜಿ ಮೂಲಕ ದಡಕ್ಕೆ ತಂದು, ದಡದ ಬಳಿ ನೀರಿನ ಮೇಲೆಯೇ ತೇಲುವ ಐವತ್ತು ಮೀಟರಿಗೂ ಅಗಲದ ತೆರೆಯಲ್ಲಿ ತೋರಿಸುವ ಏರ್ಪಾಡಾಯಿತು. ಪಂದ್ಯವೇ ಕಣ್ಣೆದುರಿಗೆ ಬಂದು ನಿಂತಂತೆ ತೋರಬೇಕೆಂಬುದು ಉದ್ದೇಶ. ಕೊಡಗು ಮೂಲದ ಕೇಳಪಂಡ ಚೆಂಗಪ್ಪ ಗಣಪತಿ ತಮ್ಮ ಜೊತೆಗಾರ ವರುಣ್ ಠಕ್ಕರ್ ಅವರೊಂದಿಗೆ ಭಾರತದ ಪರವಾಗಿ ಸ್ಪರ್ಧಿಸಿದ್ದು ಇದೇ ಕಡಲಿನಲ್ಲಿ.

ಆದರೆ ಕೋವಿಡ್‌ನಿಂದಾಗಿ ಒಂದು ವರ್ಷ ಮುಂದೂಡಿ 2021ರಲ್ಲಿ ನಡೆದ ಆ ಕೂಟದಲ್ಲಿ ಎನೋಶಿಮಾಕ್ಕೆ ಪ್ರೇಕ್ಷಕರನ್ನೇ ಬಿಡಲಿಲ್ಲ. ದೂರದ ಆಟವನ್ನು ಜನರ ಹತ್ತಿರ ತರಲೆಂದು ಕಟ್ಟಿದ ತೆರೆಯ ಮುಂದೆ ಜನವೇ ಇರಲಿಲ್ಲ.

ತೆರೆ ಯಾರಿಗೆ?

ಇದೇ ಜಪಾನಿನಲ್ಲಿ 1954ರ ಫೆಬ್ರುವರಿಯಲ್ಲಿ ಇದರ ತದ್ವಿರುದ್ಧ ದೃಶ್ಯವೊಂದು ಕಂಡಿತ್ತು. ಟೆಲಿವಿಷನ್ ಕೊಳ್ಳುವ ಶಕ್ತಿ ಬೆರಳೆಣಿಕೆಯ ಮನೆಗಳಿಗಷ್ಟೇ ಇದ್ದ ಕಾಲ. ಖಾಸಗಿ ಪ್ರಸಾರ ಸಂಸ್ಥೆಯ ಮುಖ್ಯಸ್ಥ ಮತ್ಸುತಾರೊ ಶೋರಿಕಿ ಬೀದಿಗಳಲ್ಲಿ, ರೈಲು ನಿಲ್ದಾಣಗಳ ಎದುರು ಟೆಲಿವಿಷನ್ ಪೆಟ್ಟಿಗೆ ಇಡಿಸಿದ್ದ. ರಿಕಿಡೋಜಾನ್ ಎಂಬ ಕುಸ್ತಿಪಟು ಅಮೆರಿಕದಿಂದ ಬಂದ ಶಾರ್ಪ್ ಸೋದರರನ್ನು ಎದುರಿಸಿದ ರಾತ್ರಿ ಟೋಕಿಯೊದ ಶಿಂಬಾಶಿ ನಿಲ್ದಾಣದ ಮುಂದೆ ಸಾವಿರಾರು ಜನ ಸೇರಿದರು. ತೆರೆ ಒಂದು ಪುಟ್ಟ ಪೆಟ್ಟಿಗೆ. ಹಿಂದೆ ನಿಂತವರಿಗೆ ಏನು ಕಂಡಿತೋ! ಯುದ್ಧದಲ್ಲಿ ಸೋತು ಕಂಗೆಟ್ಟಿದ್ದ ಜನ ಹೆಗಲಿಗೆ ಹೆಗಲು ಕೊಟ್ಟು ನಿಂತು ಕೂಗಿದರು. ಕಾಸು ಕೊಡಬೇಕಿರಲಿಲ್ಲ, ಟಿಕೆಟ್ ಇರಲಿಲ್ಲ.

ಈಗಿನ ತೆರೆಗಳು ಇವೆರಡು ದೃಶ್ಯಗಳ ನಡುವೆ ಎಲ್ಲೋ ಇವೆ. 2023ರಲ್ಲಿ ಲಾಸ್ ವೇಗಸ್‌ನಲ್ಲಿ ತೆರೆದ 'ಸ್ಫಿಯರ್' ಎಂಬ ಗೋಳಾಕಾರದ ಮಂದಿರದ ಒಳತೆರೆಯ ವಿಸ್ತೀರ್ಣ 1,60,000 ಚದರ ಅಡಿ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮಿಶ್ರ ಸಮರಕಲೆಯ ಕಾಳಗಗಳೂ ನಡೆದವು. ಅದೇ ವರ್ಷ ಲಾಸ್ ಏಂಜಲಿಸ್ ಮತ್ತು ಡಲ್ಲಾಸ್ ಬಳಿ 'ಕಾಸ್ಮ್' ಕಂಪನಿ ತೆರೆದ ಮಂದಿರಗಳಲ್ಲಿ 87 ಅಡಿ ವ್ಯಾಸದ ಗುಮ್ಮಟವೇ ತೆರೆ. ಬೇರೆ ಊರಿನಲ್ಲಿ ನಡೆಯುವ ಪಂದ್ಯವನ್ನು ಮೈದಾನದ ಅಂಚಿನಲ್ಲೇ ಕುಳಿತಂತೆ ಅಲ್ಲಿ ನೋಡಬಹುದು, ಟಿಕೆಟ್ ಕೊಂಡು. ಇತ್ತ ನಮ್ಮಲ್ಲಿ ಕ್ರಿಕೆಟ್ ಮಂಡಳಿ 2015ರಲ್ಲಿ ಆರಂಭಿಸಿದ ಐಪಿಎಲ್ ಫ್ಯಾನ್ ಪಾರ್ಕ್‌ಗಳು, ಪಂದ್ಯ ನಡೆಯದ ಊರುಗಳ ಬಯಲಿಗೆ ದೊಡ್ಡ ತೆರೆಯನ್ನು ಕೊಂಡೊಯ್ದವು. ತಂತ್ರಜ್ಞಾನದಲ್ಲಿ ಎರಡಕ್ಕೂ ಅಜಗಜಾಂತರ. ಬಯಲಿನ ತೆರೆಯಲ್ಲಿ ಕಾಣುವುದು ಮನೆಯ ಟಿ.ವಿ.ಯ ಚಿತ್ರವೇ. ಆದರೂ ಜನ ಮನೆ ಬಿಟ್ಟು ಬರುತ್ತಾರೆ, ಚಾಪೆ ಹಾಸಿ ಕೂರುತ್ತಾರೆ.

ಅಗಲ ತೆರೆಯ ಕನಸು ಕಂಡ ತಂತ್ರಜ್ಞರು ಬಗೆಹರಿಸಿದ್ದು ಕಣ್ಣಿನ ಸಮಸ್ಯೆಯನ್ನು. ಕಡಲಿನಷ್ಟು ದೊಡ್ಡ ಕಣವನ್ನೂ ಈಗ ಹೊಲಿಗೆ ಕಾಣದಂತೆ ಹಿಡಿಯಬಹುದು, ಸಾವಿರಾರು ಮೈಲಿ ಆಚೆಗೆ ಕಳಿಸಬಹುದು, ಗುಮ್ಮಟದ ತುಂಬ ಹರಡಬಹುದು. ಆದರೆ 1897ರಲ್ಲಿ ನ್ಯೂಯಾರ್ಕಿನ ಹೆಂಗಸರಿಗೆ, 1910ರಲ್ಲಿ ಜಾನ್ಸನ್‌ನ ಗೆಲುವನ್ನು ನೋಡಬಯಸಿದ ಕರಿಯರಿಗೆ, 1954ರಲ್ಲಿ ಶಿಂಬಾಶಿಯ ಬೀದಿಯಲ್ಲಿ ನಿಂತವರಿಗೆ ತೆರೆಯ ಅಳತೆ ಮುಖ್ಯವಾಗಿರಲಿಲ್ಲ. ತಮ್ಮನ್ನು ಒಳಗೆ ಬಿಡುತ್ತಾರೆಯೇ ಎಂಬುದು ಮುಖ್ಯವಾಗಿತ್ತು. ಮೈದಾನದಷ್ಟೇ ಅಗಲದ ತೆರೆ ಬಂದಿದೆ. ಅದರ ಮುಂದೆ ಯಾರು ಕೂರಬೇಕು, ಎಷ್ಟು ಹಣ ತೆತ್ತು ಕೂರಬೇಕು ಎಂಬುದನ್ನು ತೀರ್ಮಾನಿಸುವ ಕೆಲಸ ಯಾವ ಯಂತ್ರದ್ದೂ ಅಲ್ಲ.